ಸುಣ್ಣ ಹಚ್ಚಿದ ಕೂದಲು

ಇಂಗ್ಲೆಂಡಿನಿಂದ ಬರೆಯುವ ಪೋಸ್ಟುಗಳ ಭಾಗ 17 ಇದು. ಈ ಸಲದ ವಿಷಯ ಕೂದಲು. ಯಾವ ಎಣ್ಣೆ ಹಚ್ಚಬೇಕು ಅಂತ ಹೇಳುವ ಪೋಸ್ಟಲ್ಲ, ಮೊದಲೇ ಹೇಳಿಬಿಡುತ್ತೇನೆ. ಚಿಕ್ಕಮ್ಮ, ಆಸೆ ಇಟ್ಟುಕೊಳ್ಳಬೇಡಿ. ಇದು ಒಂದು ಡಬ್ಬಿ ಕ್ರೀಮಿನ ನೂರು ವರ್ಷದ ಚರಿತ್ರೆ. ಉದ್ದ ಇದೆ, ಚಹಾ ಮಾಡಿಕೊಂಡು ಕೂತು ಓದಿ.

ಆ ಕ್ರೀಮಿಗೆ ರಿಲ್ಯಾಕ್ಸರ್ ಅನ್ನುತ್ತಾರೆ. ಬಿಗಿಯಾದ ಗುಂಗುರು ಕೂದಲನ್ನು ಕಾಯಂ ಆಗಿ ನೇರ ಮಾಡುವ ಕ್ರೀಮು. ಆಫ್ರಿಕಾ ಮೂಲದ ಹೆಂಗಸರು ಅಮೆರಿಕದಲ್ಲಿ, ಕೆರಿಬಿಯನ್ ದ್ವೀಪಗಳಲ್ಲಿ, ಇಲ್ಲಿ ಇಂಗ್ಲೆಂಡಿನಲ್ಲಿ ತಲೆಮಾರುಗಳಿಂದ ಇದನ್ನು ಹಚ್ಚಿಕೊಂಡು ಬಂದಿದ್ದಾರೆ. ಹಚ್ಚಬೇಕು, ಕೆಲವು ನಿಮಿಷ ಬಿಡಬೇಕು, ತೊಳೆಯಬೇಕು, ಕೂದಲು ನೇರ. ಆದರೆ ಬುಡದಲ್ಲಿ ಹೊಸದಾಗಿ ಬರುವ ಕೂದಲು ಮತ್ತೆ ಗುಂಗುರಾಗಿಯೇ ಬರುತ್ತದೆ. ಹಾಗಾಗಿ ಎರಡು ಮೂರು ತಿಂಗಳಿಗೊಮ್ಮೆ ಬುಡಕ್ಕೆ ಮತ್ತೆ ಹಚ್ಚಿಸಿಕೊಳ್ಳಬೇಕು. ಇದಕ್ಕೆ ಟಚ್-ಅಪ್ ಅಂತ ಹೆಸರು. ಹೀಗೆ ಹತ್ತಾರು ವರ್ಷ. ಒಂದು ದಿನ ಕೂದಲು ಮುರಿಯಲು ಶುರುವಾಗುತ್ತದೆ. ಮುರಿದ ಮೇಲೆ ಏನು ಮಾಡಬೇಕು ಅನ್ನುವಲ್ಲಿ ಜಗಳ.

ಜಗಳ ನಾನು ಕಣ್ಣಾರೆ ನೋಡಿದ್ದೇ. ನೋಡಿದ್ದೇನು, ನಾನೇ ಅದರೊಳಗಿದ್ದೆ. ನನ್ನ ಜೊತೆ ರಾತ್ರಿ ಪಾಳಿ ಮಾಡುವ ಗೆಳತಿಯೊಬ್ಬಳಿದ್ದಾಳೆ. ಅಜ್ಜ-ಅಜ್ಜಿ ಜಮೈಕಾದಿಂದ ಬಂದವರು, ಇವಳು ಹುಟ್ಟಿ ಬೆಳೆದದ್ದು ಬರ್ಮಿಂಗ್‌ಹ್ಯಾಮಿನಲ್ಲಿ. ಒಂಬತ್ತನೇ ವಯಸ್ಸಿಗೆ ಮೊದಲ ರಿಲ್ಯಾಕ್ಸರ್, ಈಗ ವಯಸ್ಸು ನಲವತ್ತೆರಡು. ಕೆಲವು ತಿಂಗಳಿಂದ ಬೆಳಗಿನ ಹೊತ್ತು ಯೂನಿಫಾರ್ಮಿನ ಕಾಲರ್ ಮೇಲೆ ಅರ್ಧ ಇಂಚು, ಒಂದು ಇಂಚಿನ ತುಂಡುಗಳು. ಉದುರಿದ ಕೂದಲಲ್ಲ, ಬುಡದ ಬಿಳಿ ಗಂಟಿಲ್ಲ, ಮುರಿದ ತುಂಡುಗಳೇ. ಒಂದು ಶನಿವಾರ ಅವಳ ಸಲೂನಿಗೆ ನನ್ನನ್ನೂ ಕರೆದುಕೊಂಡು ಹೋದಳು.

ಸಲೂನಿನಾಕೆ ಮೂವತ್ತು ವರ್ಷ ಕೆಲಸ ಮಾಡಿದವರು, ಕೈ ನೋಡಿದರೇ ಗೊತ್ತಾಗುತ್ತದೆ. ಕೂದಲನ್ನು ಬೆರಳಲ್ಲಿ ಎಳೆದು ನೋಡಿ ಹೇಳಿದರು: ಬುಡ ಗುಂಗುರು, ತುದಿ ನೇರ, ಎರಡೂ ಸೇರುವಲ್ಲಿ ಮುರಿಯುತ್ತಿದೆ. ಟಚ್-ಅಪ್ ತಡವಾಗಿದ್ದಕ್ಕೇ ಹೀಗೆ. ಇವತ್ತು ಹಚ್ಚೋಣ, ಈ ಸಲ ತುದಿಯವರೆಗೂ ಎಳೆಯೋಣ, ಎಲ್ಲ ಒಂದೇ ಸಮ ಆಗುತ್ತದೆ. ಮತ್ತೆ ಇದು ನೋ-ಲೈ ಕ್ರೀಮು, ಏನೂ ಆಗುವುದಿಲ್ಲ.

ಗೆಳತಿಯ ಹೆಡತಲೆಯಲ್ಲಿ ಎರಡು ಕಡೆ ಒಣಗಿದ ಹಕ್ಕಳೆ ಇತ್ತು, ಹಿಂದಿನ ಸಲ ಸುಟ್ಟದ್ದು. ಹಕ್ಕಳೆ ಇರುವ ಚರ್ಮಕ್ಕೆ ಕ್ಷಾರ ಹಚ್ಚಬೇಡಿ ಅಂದೆ. ಒಮ್ಮೆ ನೇರವಾದ ಕೂದಲಿಗೆ ಮತ್ತೆ ಅದನ್ನೇ ಎಳೆದರೆ ಇನ್ನೂ ಮುರಿಯುತ್ತದೆ ಅಂದೆ. ಆಕೆ ಕನ್ನಡಿಯಲ್ಲಿ ನನ್ನ ಜಡೆ ನೋಡಿ ನಕ್ಕರು. ನೀನು ನರ್ಸಿರಬಹುದು ಕಣಮ್ಮ, ಈ ಕೂದಲಿನ ಬಗ್ಗೆ ನಿನಗೇನು ಗೊತ್ತು, ನಿನ್ನ ತಲೆಗೆ ಎಣ್ಣೆ ಹಚ್ಚಿದರೆ ಸಾಕು, ಇವಳಿಗೆ ನಾಳೆ ಕೆಲಸಕ್ಕೆ ಹೋಗಬೇಕು ಅಂದರು. ಗೆಳತಿ ಕಪ್ಪು ಏಪ್ರನ್ ಹಾಕಿಕೊಂಡು ನಡುವೆ ಕೂತಿದ್ದಳು. ಕೊನೆಗೆ ಅವತ್ತು ಬರೀ ತೊಳೆದು, ತುದಿ ಎರಡು ಇಂಚು ಕತ್ತರಿಸಿ ಕಳಿಸಿದರು. ಕ್ರೀಮು ಹಚ್ಚಲಿಲ್ಲ. ಜಗಳವೂ ಮುಗಿಯಲಿಲ್ಲ.

ಆಕೆ ಕೇಳಿದ ಪ್ರಶ್ನೆ ನ್ಯಾಯವಾದದ್ದೇ. ನನಗೆ ಗೊತ್ತಿದ್ದದ್ದು ಕ್ಷಾರ ಚರ್ಮಕ್ಕೆ, ಕಣ್ಣಿಗೆ ಏನು ಮಾಡುತ್ತದೆ ಅನ್ನುವುದು. ಕೂದಲಿನ ಕಡೆಯಿಂದ ಈ ಕಥೆ ಎಲ್ಲಿ ಶುರುವಾಯಿತು ಅಂತ ನೋಡಲು ಹೊರಟೆ. ರಜೆಯ ದಿನಗಳೆಲ್ಲ ಅದರಲ್ಲೇ ಹೋದವು.

ನಮ್ಮೂರಿನವರಿಗೆ ಈ ಕೂದಲು ಅಪರಿಚಿತ ಅಲ್ಲ. ಮಂಚೀಕೇರಿ, ಇಡಗುಂದಿ ಕಡೆಯ ಸಿದ್ದಿ ಮಕ್ಕಳು ನಮ್ಮ ಜೊತೆಗೇ ಶಾಲೆಗೆ ಬಂದವರು. ಹಿಂದಿನ ಬೆಂಚಿನ ಹುಡುಗರು ಅವರ ತಲೆಗೆ ಪೆನ್ಸಿಲ್ ಸಿಕ್ಕಿಸಿ ನಿಲ್ಲುತ್ತದೋ ಬೀಳುತ್ತದೋ ಅಂತ ನೋಡಿ ನಗುತ್ತಿದ್ದದ್ದು ನಿಮಗೆಲ್ಲ ನೆನಪಿರುತ್ತದೆ. ಕ್ಲಾಸಿನಲ್ಲಿ ಯಾರೂ ಕೇಳಲಿಲ್ಲ, ಆ ಕೂದಲು ಯಾಕೆ ಹಾಗೆ ಅಂತ. ನಮ್ಮ ನೇರ ಕೂದಲನ್ನು ಅಡ್ಡ ಕತ್ತರಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹೆಚ್ಚುಕಡಿಮೆ ದುಂಡಗಿರುತ್ತದೆ. ಬಿಗಿ ಗುಂಗುರಿನದು ಚಪ್ಪಟೆ. ಒಂದೊಂದು ತಿರುವಿನಲ್ಲೂ ಅದು ತಿರುಚಿಕೊಳ್ಳುತ್ತದೆ, ಆ ತಿರುವುಗಳೇ ಅದರ ಬಲಹೀನ ಜಾಗ. ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ತುದಿಯವರೆಗೆ ಇಳಿದುಬರುತ್ತದೆ, ಸುರುಳಿಯಲ್ಲಿ ಇಳಿಯುವುದಿಲ್ಲ. ಹೀಗಾಗಿ ಅದು ಏನೂ ಹಚ್ಚದಿದ್ದರೂ ಒಣಗುವ, ಬಾಚಿದರೆ ಮುರಿಯುವ ಕೂದಲು. ಅದಕ್ಕೆ ಬೇಕಾದ್ದು ತಾಳ್ಮೆ. ಸಿಕ್ಕಿದ್ದು ಸೋಡಾ.

ಚರಿತ್ರೆ ಓದುವಾಗ ನನಗೆ ಮೊದಲು ಆಶ್ಚರ್ಯವಾದದ್ದು ಇದು: ಈ ವ್ಯಾಪಾರ ಶುರುವಾದದ್ದು ಕೂದಲು ನೇರ ಮಾಡುವುದಕ್ಕಲ್ಲ, ಉದುರುವುದನ್ನು ನಿಲ್ಲಿಸುವುದಕ್ಕೆ. ಮೇಡಂ ಸಿ. ಜೆ. ವಾಕರ್ ಹೆಸರು ಕೆಲವರು ಕೇಳಿರಬಹುದು, ಅವರ ಮೇಲೆ ವೆಬ್ ಸೀರೀಸ್ ಕೂಡ ಬಂತು. ಅವರ ನಿಜ ಹೆಸರು ಸಾರಾ ಬ್ರೀಡ್‌ಲವ್. ಹುಟ್ಟಿದ್ದು 1867ರಲ್ಲಿ, ಲೂಯಿಸಿಯಾನದಲ್ಲಿ. ಅಪ್ಪ ಅಮ್ಮ ಗುಲಾಮರಾಗಿದ್ದವರು. ಸೇಂಟ್ ಲೂಯಿಸ್ ಊರಿನಲ್ಲಿ ಬಟ್ಟೆ ಒಗೆದು ಬದುಕುತ್ತಿದ್ದಾಗ ತಲೆಯ ಕೂದಲು ಉದುರಿಹೋಯಿತು. ಆಗ ಅಲ್ಲಿ ಆನಿ ಟರ್ನ್‌ಬೋ ಎಂಬಾಕೆ, ಮುಂದೆ ಆನಿ ಮಲೋನ್ ಅಂತ ಪ್ರಸಿದ್ಧರಾದವರು, ಕಪ್ಪು ಹೆಂಗಸರ ಕೂದಲಿಗೆ ಔಷಧ ಮಾಡಿ ಮಾರುತ್ತಿದ್ದರು. ಸಾರಾ ಮೊದಲು ಅವರ ಏಜೆಂಟ್, ಆಮೇಲೆ ಅವರ ಪ್ರತಿಸ್ಪರ್ಧಿ. 1905ರಲ್ಲಿ ಡೆನ್ವರಿಗೆ ಹೋದರು, 1910ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಕಾರ್ಖಾನೆ ಶುರುಮಾಡಿದರು. ಮಾರಿದ ಮುಖ್ಯ ವಸ್ತು ಗಂಧಕ ಬೆರೆಸಿದ ಮುಲಾಮು, ಕೂದಲು ಬೆಳೆಸುವುದಕ್ಕೆ ಅಂತ. ಜೊತೆಗೆ ಕೊಟ್ಟ ಬುದ್ಧಿಮಾತು ಇನ್ನೂ ಮುಖ್ಯ: ತಲೆ ಆಗಾಗ ತೊಳೆಯಿರಿ, ನೆತ್ತಿ ಸ್ವಚ್ಛ ಇಟ್ಟುಕೊಳ್ಳಿ. ನಲ್ಲಿ ನೀರಿಲ್ಲದ ಮನೆಗಳ ಕಾಲ ಅದು. ಕಾದ ಬಾಚಣಿಗೆಯನ್ನು ಕಂಡುಹಿಡಿದದ್ದು ಅವರೇ ಅಂತ ಎಲ್ಲೆಡೆ ಬರೆಯುತ್ತಾರೆ, ಅದು ಸುಳ್ಳು. ಬಳಸಿದ್ದು ನಿಜ. ಆದರೆ ತನ್ನನ್ನು ಕೂದಲು ನೇರ ಮಾಡುವವಳು ಅಂತ ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು.

ಈ ಎರಡು ಹೆಂಗಸರು ಸಾವಿರಾರು ಏಜೆಂಟರಿಗೆ ಕೆಲಸ ಕೊಟ್ಟರು. ಬೇರೆಯವರ ಮನೆಯ ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು ಬಿಟ್ಟರೆ ಬೇರೆ ಕೆಲಸ ಸಿಗದ ಕಾಲದಲ್ಲಿ ಕೂದಲಿನ ಕೆಲಸ ಮರ್ಯಾದೆಯ ಕೆಲಸವಾಯಿತು. ಸಲೂನಿನಾಕೆ ನನ್ನ ಮೇಲೆ ಸಿಡುಕಿದಾಗ ಅವರ ಬೆನ್ನ ಹಿಂದೆ ಇಷ್ಟೆಲ್ಲ ನಿಂತಿತ್ತು. ಅದನ್ನು ಗೊತ್ತಿಲ್ಲದೆ ಹೀಯಾಳಿಸುವುದು ಸುಲಭ.

ಕಾದ ಬಾಚಣಿಗೆಯ ಕೆಲಸ ಮಳೆ ಬಂದರೆ, ಬೆವರಿದರೆ ಮುಗಿಯಿತು. ಕಾಯಂ ಆಗಿ ನೇರ ಮಾಡುವ ದಾರಿ ಮೊದಲು ತೆರೆದದ್ದು ಗಂಡಸರ ತಲೆಯ ಮೇಲೆ. ಕ್ಲೀವ್‌ಲ್ಯಾಂಡಿನ ಗ್ಯಾರೆಟ್ ಮಾರ್ಗನ್ ಹೊಲಿಗೆ ಮಿಷಿನ್ ರಿಪೇರಿ ಮಾಡುತ್ತಿದ್ದವರು. ಸೂಜಿ ಕಾದು ಉಣ್ಣೆ ಬಟ್ಟೆ ಸುಡದಿರಲಿ ಅಂತ ಒಂದು ದ್ರಾವಣ ಮಾಡಿದರಂತೆ. ಕೈ ಒರೆಸಿದ ಬಟ್ಟೆಯ ನೂಲು ನೆಟ್ಟಗಾದದ್ದು ನೋಡಿ, ಪಕ್ಕದ ಮನೆಯ ನಾಯಿಯ ಮೇಲೆ ಹಚ್ಚಿ ನೋಡಿ, ಆಮೇಲೆ ತನ್ನ ತಲೆಗೆ ಹಚ್ಚಿಕೊಂಡರು ಅನ್ನುವುದು ಕಥೆ. 1913ರಲ್ಲಿ ಅದಕ್ಕೊಂದು ಕಂಪನಿ ಮಾಡಿದರು. ಇದೇ ಮಾರ್ಗನ್ 1923ರಲ್ಲಿ ಟ್ರಾಫಿಕ್ ಸಿಗ್ನಲ್ಲಿಗೂ ಪೇಟೆಂಟ್ ಪಡೆದವರು. ನಾಯಿಯ ಕಥೆ ಎಷ್ಟು ನಿಜವೋ, ಕೇಳಲು ಚೆನ್ನಾಗಿದೆ.

1940ರ ದಶಕದಲ್ಲಿ ಗಂಡಸರು ಮನೆಯಲ್ಲೇ ಮಾಡಿಕೊಳ್ಳುತ್ತಿದ್ದ ಕಾಂಕ್ ಬಗ್ಗೆ ಮಾತ್ರ ಅನುಮಾನವಿಲ್ಲ. ಮಾಲ್ಕಂ ಎಕ್ಸ್ ತಮ್ಮ ಆತ್ಮಕಥೆಯಲ್ಲಿ ಸಾಮಾನಿನ ಪಟ್ಟಿ ಸಮೇತ ಬರೆದಿದ್ದಾರೆ: ಒಂದು ಡಬ್ಬಿ ಕಾಸ್ಟಿಕ್ ಸೋಡಾ, ಎರಡು ಮೊಟ್ಟೆ, ಎರಡು ಆಲೂಗಡ್ಡೆ. ಆಲೂಗಡ್ಡೆ ತೆಳ್ಳಗೆ ಹೆಚ್ಚಿ ಸೋಡಾ ಹಾಕಿದರೆ ಗಂಜಿಯಂತೆ ಆಗುತ್ತದೆ, ಪಾತ್ರೆಯೇ ಬಿಸಿಯಾಗುತ್ತದೆ. ಕಿವಿ, ಕತ್ತು, ಹಣೆಗೆ ವ್ಯಾಸಲೀನ್ ಬಳಿದು, ಕೈಗೆ ಗ್ಲೌಸ್ ಹಾಕಿ, ತಲೆಗೆ ಬಾಚುವುದು. ಎಷ್ಟು ಹೊತ್ತು ಉರಿ ತಡೆಯಬಲ್ಲೆಯೋ ಅಷ್ಟು ಹೊತ್ತು. ಕಾಸ್ಟಿಕ್ ಸೋಡಾ ಅಂದರೆ ನಮ್ಮಲ್ಲಿ ಬಾತ್‌ರೂಮಿನ ಪೈಪ್ ಕಟ್ಟಿದರೆ ಹಾಕುವುದು, ಸೋಪು ಮಾಡುವುದಕ್ಕೆ ಬಳಸುವುದು. ಆಸಿಡ್ ಬಿದ್ದರೆ ಚರ್ಮದ ಮೇಲೆ ಒಂದು ಗಟ್ಟಿ ಪದರ ಆಗಿ, ಒಳಗೆ ಹೋಗುವುದು ಸ್ವಲ್ಪವಾದರೂ ತಡೆಯುತ್ತದೆ. ಕ್ಷಾರ ಹಾಗಲ್ಲ. ಚರ್ಮದ ಕೊಬ್ಬನ್ನೇ ಸೋಪು ಮಾಡಿಕೊಂಡು ಕೆಳಗೆ ಇಳಿಯುತ್ತಾ ಹೋಗುತ್ತದೆ. ಕಣ್ಣಿಗೆ ಬಿದ್ದರೆ ಮೊದಲು ನೀರು, ನೀರು, ನೀರು. ಹೆಸರು, ವಯಸ್ಸು ಬರೆದುಕೊಳ್ಳುವುದು ಆಮೇಲೆ. ಇದು ನಮಗೆ ಕಾಲೇಜಿನಲ್ಲಿ ಕಲಿಸಿದ್ದು.

ಷಿಕಾಗೋದ ಜಾರ್ಜ್ ಜಾನ್ಸನ್ ಈ ಗಂಜಿಯನ್ನು ಡಬ್ಬಿಗೆ ತುಂಬಿದವರು. ಫುಲ್ಲರ್ ಎಂಬ ಸೌಂದರ್ಯ ಸಾಮಗ್ರಿ ಕಂಪನಿಯಲ್ಲಿ ಕೆಲಸ. ಆರ್ವಿಲ್ ನೆಲ್ಸನ್ ಎಂಬ ಕ್ಷೌರಿಕ ತನ್ನ ಕೂದಲು ನೇರ ಮಾಡುವ ಲೇಪ ಸರಿಯಿಲ್ಲ, ಸುಧಾರಿಸಿಕೊಡಿ ಅಂತ ಅಲ್ಲಿಗೆ ಬಂದಿದ್ದರು. ಜಾನ್ಸನ್ ಅವರ ಜೊತೆ ಸೇರಿ, ಹರ್ಬರ್ಟ್ ಮಾರ್ಟಿನಿ ಎಂಬ ರಸಾಯನಜ್ಞರ ಸಹಾಯ ಪಡೆದು ಒಂದು ಸ್ಥಿರವಾದ ಕ್ರೀಮು ಮಾಡಿದರು. ವ್ಯಾಪಾರಕ್ಕೆ ಸಾಲ ಕೇಳಿದರೆ ಸಿಗಲಿಲ್ಲ. ಇನ್ನೊಂದು ಶಾಖೆಗೆ ಹೋಗಿ ಹೆಂಡತಿಯ ಜೊತೆ ಪ್ರವಾಸಕ್ಕೆ ಅಂದರು, 250 ಡಾಲರ್ ಸಿಕ್ಕಿತು. 1954ರ ಮಾತು ಇದು. ಮೊದಲು ಗಂಡಸರಿಗೆ ಅಲ್ಟ್ರಾ ವೇವ್, ಆಮೇಲೆ ಹೆಂಗಸರಿಗೆ ಅಲ್ಟ್ರಾ ಶೀನ್. 1971ಕ್ಕೆ ಅವರ ಕಂಪನಿ ಅಮೆರಿಕನ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ ನೋಂದಾಯಿತ ಮೊದಲ ಕಪ್ಪು ಒಡೆತನದ ಕಂಪನಿಯಾಯಿತು. ಸೋಲ್ ಟ್ರೇನ್ ಎಂಬ ಟಿವಿ ಕಾರ್ಯಕ್ರಮದ ಪ್ರಾಯೋಜಕರೂ ಅವರೇ. ಎಷ್ಟೋ ಕಪ್ಪು ಕುಟುಂಬಗಳಿಗೆ ಜಾನ್ಸನ್ ಹೆಮ್ಮೆಯ ಹೆಸರು. ನನಗೂ ಈ ಮನುಷ್ಯನ ಮೇಲೆ ಗೌರವವೇ.

ಈಗ ಸಲೂನಿನಲ್ಲಿ ನಾನು ಹೇಳಿದ ಮಾತಿಗೆ ಬರುತ್ತೇನೆ. ಒಮ್ಮೆ ಹಚ್ಚಿದ ಕೂದಲಿಗೆ ಮತ್ತೆ ಯಾಕೆ ಹಚ್ಚಬಾರದು?

ಕೂದಲು ಅಂದರೆ ಕೆರಾಟಿನ್ ಎಂಬ ಪ್ರೋಟೀನಿನ ಉದ್ದ ಎಳೆಗಳು. ಪಕ್ಕಪಕ್ಕದ ಎಳೆಗಳ ನಡುವೆ ಗಂಧಕದ ಕೊಂಡಿಗಳಿವೆ, ಏಣಿಯ ಮೆಟ್ಟಿಲಿನ ಹಾಗೆ. ಒಂದೊಂದು ಮೆಟ್ಟಿಲಿಗೆ ಎರಡೆರಡು ಗಂಧಕದ ಪರಮಾಣು. ಕೂದಲಿನ ಆಕಾರ, ಬಲ ಬಹುಪಾಲು ಈ ಮೆಟ್ಟಿಲುಗಳ ಮೇಲೆ ನಿಂತಿದೆ. ಕ್ಷಾರ ಬಿದ್ದಾಗ ಮೆಟ್ಟಿಲು ಒಡೆಯುತ್ತದೆ, ಎರಡರಲ್ಲಿ ಒಂದು ಗಂಧಕ ಹೊರಟುಹೋಗುತ್ತದೆ, ಉಳಿದ ಒಂದರಿಂದ ಬೇರೆ ಥರದ ಗಿಡ್ಡ ಮೆಟ್ಟಿಲು ಕಟ್ಟಿಕೊಳ್ಳುತ್ತದೆ. ಅದು ಮತ್ತೆ ಹಳೆಯ ಮೆಟ್ಟಿಲಾಗುವುದಿಲ್ಲ. ಯಾವ ಸೀರಂ, ಯಾವ ಮೊಟ್ಟೆ, ಯಾವ ಮೇಯನೇಸ್ ಹಚ್ಚಿದರೂ ಇಲ್ಲ. ನೆತ್ತಿಯಿಂದ ಹೊರಗೆ ಬಂದ ಕೂದಲಿಗೆ ರಕ್ತವಿಲ್ಲ, ಜೀವಕೋಶವಿಲ್ಲ, ಗಾಯ ಮಾಯುವ ದಾರಿಯೇ ಇಲ್ಲ. ಪ್ರೋಟೀನ್ ಟ್ರೀಟ್‌ಮೆಂಟ್ ಅಂತ ಮಾಡುವುದು ಹರಿದ ಕೊಡೆಗೆ ಅಂಟು ಹಚ್ಚಿದ ಹಾಗೆ, ನಾಲ್ಕು ಸಲ ತೊಳೆಯುವವರೆಗೆ.

ಈ ಒಂದು ಗಂಧಕದ ಮೆಟ್ಟಿಲಿನ ವಸ್ತುವನ್ನು ಬೇರ್ಪಡಿಸಿ ಹೆಸರಿಟ್ಟದ್ದು 1941ರಲ್ಲಿ. ಹಾರ್ನ್, ಜೋನ್ಸ್, ರಿಂಗೆಲ್ ಎಂಬ ಅಮೆರಿಕದ ಮೂವರು ವಿಜ್ಞಾನಿಗಳು. ಅವರ ಕೈಯಲ್ಲಿ ಇದ್ದದ್ದು ತಲೆಗೂದಲಲ್ಲ, ಕುರಿಯ ಉಣ್ಣೆ. ಉಣ್ಣೆಯನ್ನು ಸೋಡಿಯಂ ಕಾರ್ಬೋನೇಟಿನಲ್ಲಿ, ಅಂದರೆ ನಮ್ಮ ಒಗೆಯುವ ಸೋಡಾದಲ್ಲಿ, ಕಾಯಿಸಿ ತೆಗೆದರು. ಲ್ಯಾಟಿನ್ನಿನಲ್ಲಿ ಉಣ್ಣೆಗೆ ಲಾನಾ ಅನ್ನುತ್ತಾರೆ, ಅದಕ್ಕೇ ಲಾಂಥಿಯೋನಿನ್ ಅಂತ ಹೆಸರು. ಉಣ್ಣೆ ಗಿರಣಿಗಳಿಗೆ ಇದು ದುಡ್ಡಿನ ಪ್ರಶ್ನೆ: ಕ್ಷಾರದಲ್ಲಿ ಹೆಚ್ಚು ತೊಳೆದರೆ ಉಣ್ಣೆ ಹಾಳಾಗುತ್ತದೆ, ಯಾಕೆ? ಕುರಿಯ ಮೈಮೇಲಿನ ನಾರಿಗೆ ಕ್ಷಾರ ಏನು ಮಾಡುತ್ತದೆ ಅನ್ನುವುದು ಜಾನ್ಸನ್ನರ ಮೊದಲ ಡಬ್ಬಿ ಬರುವ ಹದಿಮೂರು ವರ್ಷ ಮೊದಲೇ ಅಚ್ಚಾಗಿತ್ತು. ಹೆಂಗಸರ ತಲೆಯ ಮೇಲಿನ ನಾರಿಗೆ ಅದೇ ಆಗುತ್ತದೆ ಅಂತ ಡಬ್ಬಿಯ ಮೇಲೆ ಬರೆಯಲು ಮಾತ್ರ ತುಂಬಾ ವರ್ಷ ಬೇಕಾಯಿತು. ಇದನ್ನು ಓದಿದ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಡಬ್ಬಿಯ ಮೇಲೆ ಬಂದದ್ದು ಹೇಗೆ ಅನ್ನುವುದೂ ಒಂದು ಕಥೆ. 1970ರ ದಶಕದ ಮಧ್ಯದಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜಾನ್ಸನ್ ಕಂಪನಿಯನ್ನು ಹಿಡಿಯಿತು. ಮೃದು, ಸುಲಭ ಅಂತ ಜಾಹೀರಾತು ಕೊಡುತ್ತೀರಿ, ಒಳಗಿರುವುದು ಕಾಸ್ಟಿಕ್ ಸೋಡಾ, ಚರ್ಮ ಸುಡಬಹುದು, ಕಣ್ಣಿಗೆ ಅಪಾಯ ಅಂತ ಬರೆಯಿರಿ ಅಂದಿತು. ಕಂಪನಿ ಒಪ್ಪಿ ಸಹಿ ಹಾಕಿತು. ಅದೇ ಥರದ ಕ್ರೀಮು ಮಾರುತ್ತಿದ್ದ ಬಿಳಿಯರ ದೊಡ್ಡ ಕಂಪನಿ ರೆವ್ಲಾನಿಗೆ ಅದೇ ಎಚ್ಚರಿಕೆ ಕಡ್ಡಾಯವಾದದ್ದು ಸುಮಾರು ಎರಡು ವರ್ಷ ತಡವಾಗಿ. ಅಂಗಡಿಯಲ್ಲಿ ಎರಡು ಡಬ್ಬಿ ಪಕ್ಕಪಕ್ಕ, ಒಂದರ ಮೇಲೆ ಅಪಾಯ ಅಂತಿದೆ, ಇನ್ನೊಂದರ ಮೇಲೆ ಇಲ್ಲ. ಜನ ಯಾವುದು ತೆಗೆದುಕೊಳ್ಳುತ್ತಾರೆ? ತನ್ನ ವ್ಯಾಪಾರಕ್ಕೆ ಆ ಎರಡು ವರ್ಷ ದೊಡ್ಡ ಪೆಟ್ಟು ಅಂತ ಜಾನ್ಸನ್ ಹೇಳುತ್ತಾ ಬಂದರು. ಎಚ್ಚರಿಕೆ ಬರೆಸಿದ್ದು ಸರಿ. ಒಬ್ಬರಿಗೆ ಮೊದಲು, ಇನ್ನೊಬ್ಬರಿಗೆ ಆಮೇಲೆ ಬರೆಸಿದ್ದು ಅನ್ಯಾಯ. ಎರಡನ್ನೂ ಒಟ್ಟಿಗೆ ಹೇಳುವವರು ಕಡಿಮೆ. ಹಚ್ಚಿಕೊಂಡು ಸುಟ್ಟುಕೊಂಡ ಹೆಂಗಸರಂತೂ ಇಬ್ಬರ ಲೆಕ್ಕದಲ್ಲೂ ಇರಲಿಲ್ಲ.

ಆಮೇಲೆ ಬಂದದ್ದು ನೋ-ಲೈ. ಲೈ ಅಂದರೆ ಕಾಸ್ಟಿಕ್ ಸೋಡಾ, ಅದು ಇಲ್ಲ ಅಂತ ಅರ್ಥ. ಸಲೂನಿನಾಕೆಯ ಡಬ್ಬಿಯನ್ನು ತಿರುಗಿಸಿ ಓದಿದೆ. ಕ್ರೀಮಿನಲ್ಲಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಜೊತೆಯ ಬಾಟಲಿಯಲ್ಲಿ ಗ್ವಾನಿಡಿನ್ ಕಾರ್ಬೋನೇಟ್. ಹಚ್ಚುವ ಮುಂಚೆ ಎರಡನ್ನೂ ಬೆರೆಸಬೇಕು. ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಂದರೆ ಏನು ಗೊತ್ತಾ? ಸುಣ್ಣ. ಅಜ್ಜನ ಕವಳದ ಬಟ್ಟಲಿನಲ್ಲಿರುವ ಅದೇ ಸುಣ್ಣ. ಎಲೆಗೆ ಒಂದು ಚೂರು ಹೆಚ್ಚಾದರೆ ಬಾಯಿ ಏನಾಗುತ್ತದೆ ಅಂತ ನಮ್ಮ ತೋಟದ ಸೀಮೆಯವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಎರಡೂ ಬೆರೆತಾಗ ಗ್ವಾನಿಡಿನ್ ಹೈಡ್ರಾಕ್ಸೈಡ್ ಹುಟ್ಟುತ್ತದೆ, ಅದೂ ತೀಕ್ಷ್ಣ ಕ್ಷಾರವೇ, ಗಂಧಕದ ಮೆಟ್ಟಿಲನ್ನು ಮುರಿಯುವುದೂ ಹಾಗೆಯೇ. ಜೊತೆಗೆ ಕ್ಯಾಲ್ಸಿಯಂ ಕಾರ್ಬೋನೇಟ್ ಉಳಿಯುತ್ತದೆ. ಗೋಡೆಗೆ ಹೊಡೆದ ಸುಣ್ಣ ಒಣಗಿದ ಮೇಲೆ ಆಗುವ ವಸ್ತು ಅದೇ. ಅದು ಕೂದಲಿನ ಮೇಲೆ ಕೂತು ಹೊಳಪು ತೆಗೆಯುತ್ತದೆ, ಒಣಗಿಸುತ್ತದೆ. ಹೆಚ್ಚಿನವರಿಗೆ ನೆತ್ತಿಯ ಉರಿ ಸ್ವಲ್ಪ ಕಡಿಮೆ, ಅದು ನಿಜ. ಆದರೆ ಉರಿ ಕಡಿಮೆ ಅನ್ನುವುದಕ್ಕೂ ಏನೂ ಆಗುವುದಿಲ್ಲ ಅನ್ನುವುದಕ್ಕೂ ನಡುವೆ ನಮ್ಮ ಘಟ್ಟದಷ್ಟು ಅಂತರ ಇದೆ.

ಇಂಗ್ಲೆಂಡಿನ ಕಥೆ ಬೇಗ ಹೇಳಿಬಿಡುತ್ತೇನೆ. 1948ರ ನಂತರ ಕೆರಿಬಿಯನ್ನಿನಿಂದ ಬಂದ ಹೆಂಗಸರಿಗೆ, ಅವರಲ್ಲಿ ನರ್ಸುಗಳು ಎಷ್ಟೋ ಜನ, ಇಲ್ಲಿನ ಸಲೂನುಗಳಲ್ಲಿ ತಲೆ ಮುಟ್ಟುವವರಿರಲಿಲ್ಲ. ಅಡುಗೆಮನೆಯ ಒಲೆಯ ಮೇಲೆ ಬಾಚಣಿಗೆ ಕಾಯಿಸಿ ಒಬ್ಬರಿಗೊಬ್ಬರು ಮಾಡಿಕೊಳ್ಳುತ್ತಿದ್ದರು. ಟ್ರಿನಿಡಾಡಿನ ಪಿಯಾನೋ ವಾದಕಿ ವಿನಿಫ್ರೆಡ್ ಆಟ್ವೆಲ್ 1950ರ ದಶಕದಲ್ಲಿ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಒಂದು ಸಲೂನು ತೆರೆದರು. 1960ರ ದಶಕದಲ್ಲಿ ಟಾಟನ್‌ಹ್ಯಾಮಿನಲ್ಲಿ ಡೈಕ್ ಅಂಡ್ ಡ್ರೈಡನ್ ಕಂಪನಿ ಶುರುವಾಗಿ ಕೂದಲಿನ ಸಾಮಾನು ತರಿಸಿ ಮಾರತೊಡಗಿತು. ಈಗ ಇಲ್ಲಿ ಕಾನೂನಿದೆ: ಮನೆಬಳಕೆಯ ಕ್ರೀಮಿನಲ್ಲಿ ಕಾಸ್ಟಿಕ್ ಸೋಡಾ ಶೇಕಡಾ 2ಕ್ಕಿಂತ ಹೆಚ್ಚಿರಬಾರದು, ಸಲೂನಿನದರಲ್ಲಿ 4.5. ಕಣ್ಣು ಕುರುಡಾಗಬಹುದು ಅಂತ ಡಬ್ಬಿಯ ಮೇಲೆ ಬರೆದಿರಲೇಬೇಕು.

ಸಲೂನಿನಾಕೆ ಹೇಳಿದ್ದರಲ್ಲಿ ಸರಿ ಯಾವುದು ಅಂತಲೂ ಹೇಳಬೇಕು. ಗುಂಗುರು ಬುಡವೂ ನೇರ ತುದಿಯೂ ಸೇರುವ ಗೆರೆಯಲ್ಲೇ ಕೂದಲು ಮುರಿಯುವುದು, ಅದು ಅಪ್ಪಟ ಸತ್ಯ. ಹಚ್ಚುವ ಹಿಂದಿನ ದಿನ ತಲೆ ಕೆರೆದುಕೊಳ್ಳಬೇಡ, ತೊಳೆಯಬೇಡ, ನೆತ್ತಿಗೆ ಮೊದಲು ವ್ಯಾಸಲೀನ್ ಹಚ್ಚು, ಒದ್ದೆ ಕೂದಲನ್ನು ಬುಡದಿಂದ ಬಾಚಬೇಡ, ಬಿಗಿ ರಬ್ಬರ್ ಬ್ಯಾಂಡ್ ಹಾಕಬೇಡ, ಇದೆಲ್ಲ ಆಕೆ ಪುಸ್ತಕ ಓದದೆ ಕಲಿತ ವಿದ್ಯೆ, ಒಂದೂ ತಪ್ಪಿಲ್ಲ. ತಪ್ಪಿದ್ದು ಒಂದೇ ಕಡೆ, ತುದಿಯವರೆಗೆ ಎಳೆಯೋಣ ಅನ್ನುವಲ್ಲಿ. ಆ ಡಬ್ಬಿಯೊಳಗಿನ ಚೀಟಿಯಲ್ಲೇ ಹೊಸದಾಗಿ ಬೆಳೆದ ಭಾಗಕ್ಕೆ ಮಾತ್ರ ಅಂತ ಬರೆದಿತ್ತು. ಮತ್ತೆ ಯಾಕೆ ಹಾಗೆ ಅಂದರು? ದುಡ್ಡಿನಾಸೆ ಅಂತ ನನಗನ್ನಿಸುವುದಿಲ್ಲ, ಜಡೆ ಹೆಣೆದರೂ ಅವರಿಗೆ ಅಷ್ಟೇ ದುಡ್ಡು ಬರುತ್ತದೆ. ಮುರಿದ ಕೂದಲಿಗೆ ಮತ್ತೊಮ್ಮೆ ಹಚ್ಚಿದರೆ ಎರಡು ವಾರ ರೇಷ್ಮೆಯ ಹಾಗೆ ಕಾಣುತ್ತದೆ. ಕುರ್ಚಿಯಿಂದ ಏಳುವಾಗ ಗಿರಾಕಿ ನಗುತ್ತಾಳೆ. ಮುರಿಯುವುದು ಆಮೇಲೆ, ಅವಳ ಮನೆಯಲ್ಲಿ, ಅವಳ ಕೈಯಲ್ಲಿ. ಆಗ ತಪ್ಪು ಅವಳದು: ನೀನು ಸರಿಯಾಗಿ ಎಣ್ಣೆ ಹಚ್ಚಲಿಲ್ಲ, ನೀನು ಟಚ್-ಅಪ್ ತಪ್ಪಿಸಿದೆ, ನಿನ್ನ ಕೂದಲೇ ಸರಿಯಿಲ್ಲ. ನೂರು ವರ್ಷದಿಂದ ಈ ಕೊನೆಯ ವಾಕ್ಯ ಮಾತ್ರ ಬದಲಾಗಿಲ್ಲ.

ಹಾಗಾದರೆ ಬಿಡಬಾರದೇ ಅಂತ ಅತ್ತೆ ಕೇಳುತ್ತಾರೆ, ಗೊತ್ತು. ಇದ್ದ ಹಾಗೇ ಕೂದಲು ಬಿಟ್ಟು ಬಂದರೆ ಅಸ್ತವ್ಯಸ್ತ ಅಂತ ಕೆಲಸ ಕೊಡದ ಜಾಗಗಳಿದ್ದವು, ಮಕ್ಕಳನ್ನು ಶಾಲೆಯಿಂದ ಮನೆಗೆ ಕಳಿಸಿದ್ದೂ ಇದೆ. ಕೂದಲಿನ ಕಾರಣಕ್ಕೆ ತಾರತಮ್ಯ ಮಾಡಬಾರದು ಅಂತ ಅಮೆರಿಕದಲ್ಲಿ ಮೊದಲು ಕಾನೂನು ಮಾಡಿದ್ದು ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ. ಇಲ್ಲಿ ಶಾಲೆಗಳಿಗೆ ಸಮಾನತೆ ಆಯೋಗ ಸ್ಪಷ್ಟವಾಗಿ ತಿಳಿಸಿದ್ದು 2022ರಲ್ಲಿ. ನನ್ನ ಗೆಳತಿ ನರ್ಸಿಂಗ್ ಸಹಾಯಕಿಯ ಕೆಲಸದ ಇಂಟರ್‌ವ್ಯೂಗೆ ಹೋದದ್ದು ಅದಕ್ಕೂ ಎಷ್ಟೋ ವರ್ಷ ಮೊದಲು.

ಅದೇ 2022ರ ಅಕ್ಟೋಬರಿನಲ್ಲಿ ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆಯ ಒಂದು ಅಧ್ಯಯನ ಬಂತು. 33,497 ಹೆಂಗಸರನ್ನು ಹೆಚ್ಚುಕಡಿಮೆ 11 ವರ್ಷ ಗಮನಿಸಿದ್ದರು, 378 ಜನಕ್ಕೆ ಗರ್ಭಕೋಶದ ಕ್ಯಾನ್ಸರ್ ಬಂದಿತ್ತು. ಕೂದಲು ನೇರ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಈ ಕ್ಯಾನ್ಸರ್ ಬರುವ ಸಂಭವ ಶೇಕಡಾ 1.64, ವರ್ಷಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬಳಸಿದವರಲ್ಲಿ 4.05. ಯಾವ ಬ್ರಾಂಡ್, ಯಾವ ರಾಸಾಯನಿಕ ಅಂತ ಅವರು ಕೇಳಿರಲಿಲ್ಲ. ಕ್ರೀಮೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ, ಹಚ್ಚಿಕೊಂಡವರೆಲ್ಲ ಹೆದರಿ ಸ್ಕ್ಯಾನಿಂಗಿಗೆ ಓಡಬೇಕಾಗಿಯೂ ಇಲ್ಲ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ ಮಾತ್ರ, ಕೂದಲಿಗೆ ಏನು ಹಚ್ಚಿದ್ದರೂ ಹಚ್ಚದಿದ್ದರೂ, ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಇದನ್ನು ಅಮ್ಮ, ಅತ್ತೆ, ಚಿಕ್ಕಮ್ಮ ಮೂರೂ ಜನ ಓದಿಕೊಳ್ಳಿ.

ಗೆಳತಿಗೆ ನಾನು ಈ ಅಂಕಿಗಳನ್ನು ತೋರಿಸಿದೆ. ಅವಳು ಕೇಳಿದ್ದು ಒಂದೇ ಪ್ರಶ್ನೆ: ಒಂಬತ್ತು ವರ್ಷದವಳಿಗೆ ಹಚ್ಚುವಾಗ ನನ್ನಮ್ಮನಿಗೆ ಇದನ್ನು ಯಾರಾದರೂ ಹೇಳಿದ್ದರಾ? ಈಗ ಟಚ್-ಅಪ್ ನಿಲ್ಲಿಸಿದ್ದಾಳೆ. ಕೂದಲು ತಿಂಗಳಿಗೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ, ಅಷ್ಟಷ್ಟೇ ಹಳೆಯ ತುದಿ ಕತ್ತರಿಸಿಕೊಳ್ಳುತ್ತಿದ್ದಾಳೆ. ನಡುವಿನ ಗೆರೆ ಜೋಪಾನ ಮಾಡಲು ಜಡೆ ಹೆಣೆದುಕೊಡುತ್ತಿರುವುದು ಅದೇ ಸಲೂನಿನಾಕೆ. ನಾನು ಹೋದರೆ ಆಕೆ ಈಗಲೂ ಮುಖ ಕೊಟ್ಟು ಮಾತಾಡುವುದಿಲ್ಲ.

ಇಷ್ಟು ಬರೆಯಲು ಇನ್ನೊಂದು ಕಾರಣವಿದೆ. ನಮ್ಮ ಜೊತೆ ಹೈಸ್ಕೂಲು ಓದಿದ ಸಿದ್ದಿ ಗೆಳತಿಯೊಬ್ಬಳು ಹೋದ ತಿಂಗಳು ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದಳು. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ, ಹೆಸರು ಬೇಡ. ಮಗಳು ಹುಬ್ಬಳ್ಳಿಯಲ್ಲಿ ಪಿಯುಸಿ. ಅಲ್ಲಿನ ಒಂದು ಪಾರ್ಲರಿನಲ್ಲಿ ಕೂದಲು ನೇರ ಮಾಡಿಸಿಕೊಂಡಿದ್ದಾಳೆ, ನಾಲ್ಕು ತಿಂಗಳಿಗೆ ಭುಜದ ಹತ್ತಿರ ಮುರಿಯುತ್ತಿದೆ. ಪಾರ್ಲರಿನವರು ಹೇಳಿದ್ದು, ಇನ್ನೊಂದು ಸಲ ಮಾಡಿಸಿದರೆ ಸೆಟ್ ಆಗ್ತದೆ ಅಂತ. ಬರ್ಮಿಂಗ್‌ಹ್ಯಾಮಿನಲ್ಲಿ ಕೇಳಿದ ಮಾತೇ ಹುಬ್ಬಳ್ಳಿಯಲ್ಲಿ.

ಮಾರಾಯ್ತಿ, ನಿನಗೇ ಹೇಳುತ್ತಿದ್ದೇನೆ, ಉಳಿದವರೂ ಕೇಳಿಸಿಕೊಳ್ಳಲಿ. ಊರಿನ ಪಾರ್ಲರುಗಳಲ್ಲಿ ಸ್ಟ್ರೈಟನಿಂಗ್, ಸ್ಮೂದನಿಂಗ್ ಅಂತ ಮಾಡುವುದು ಸಾಮಾನ್ಯವಾಗಿ ಥಯೋಗ್ಲೈಕೊಲೇಟ್ ಎಂಬ ಬೇರೆ ಔಷಧದಲ್ಲಿ. ಅದು ಗಂಧಕದ ಮೆಟ್ಟಿಲನ್ನು ಬಿಚ್ಚುತ್ತದೆ, ಬಿಸಿ ಇಸ್ತ್ರಿಯಿಂದ ನೇರ ಮಾಡಿ, ಎರಡನೇ ಔಷಧದಿಂದ ಮತ್ತೆ ಕಟ್ಟುತ್ತಾರೆ. ಎಲ್ಲವೂ ಮತ್ತೆ ಕಟ್ಟಿಕೊಳ್ಳುವುದಿಲ್ಲ. ಥಯೋ ಹಚ್ಚಿದ ಕೂದಲಿಗೆ ಸೋಡಾ ಅಥವಾ ಸುಣ್ಣದ ರಿಲ್ಯಾಕ್ಸರ್ ಹಚ್ಚಿದರೆ, ಇಲ್ಲವೇ ಅದರ ಮೇಲೆ ಇದನ್ನು ಹಚ್ಚಿದರೆ, ಕೂದಲು ಕೈಯಲ್ಲೇ ಕಿತ್ತುಬರುತ್ತದೆ. ಇದು ಸಲೂನಿನ ಓದು ಓದಿದವರಿಗೆಲ್ಲ ಗೊತ್ತಿರುವ ಮಾತು, ಕೇಳಿದರೆ ಒಪ್ಪುತ್ತಾರೆ. ಕೆರಾಟಿನ್ ಅಂತ ಮಾಡುವುದು ಮೂರನೇ ಥರ. ಹೆಸರು ಕೆರಾಟಿನ್, ಕೆಲಸ ಮಾಡುವುದು ಎಷ್ಟೋ ಸಲ ಫಾರ್ಮಾಲ್ಡಿಹೈಡ್, ಅಂದರೆ ನಾವು ಲ್ಯಾಬಿನಲ್ಲಿ ಅಂಗಾಂಶ ಕೆಡದಂತೆ ಇಡುವ ಫಾರ್ಮಾಲಿನ್. ಅದಿಲ್ಲ ಅಂತ ಮಾರುವ ಕೆಲವು ಕ್ರೀಮುಗಳಲ್ಲಿ ಗ್ಲೈಯಾಕ್ಸಿಲಿಕ್ ಆಸಿಡ್ ಇರುತ್ತದೆ. 26 ವರ್ಷದ ಹೆಂಗಸೊಬ್ಬರಿಗೆ ಅಂಥ ಕ್ರೀಮು ಹಚ್ಚಿಸಿಕೊಂಡ ಮೂರು ಸಲವೂ ಕಿಡ್ನಿಗೆ ಪೆಟ್ಟಾದದ್ದನ್ನು ಫ್ರಾನ್ಸಿನ ವೈದ್ಯರು 2024ರಲ್ಲಿ ಪ್ರಕಟಿಸಿದ್ದಾರೆ. ಸ್ಟ್ರೈಟನಿಂಗ್ ಮಾಡಿಸಿದ ಮೇಲೆ ವಾಂತಿ, ಸೊಂಟನೋವು, ಮೂತ್ರ ಕಡಿಮೆ ಅಂತಾದರೆ ಅದನ್ನು ಗ್ಯಾಸ್ಟ್ರಿಕ್ ಅನ್ನಬೇಡಿ, ಕ್ರಿಯಾಟಿನೈನ್ ಟೆಸ್ಟ್ ಮಾಡಿಸಿ, ಕೂದಲಿಗೆ ಹಚ್ಚಿದ್ದನ್ನು ಡಾಕ್ಟರಿಗೆ ಹೇಳಿ.

ಮಗಳು ಮತ್ತೆ ಪಾರ್ಲರಿಗೆ ಹೋಗುವ ಮುಂಚೆ ಒಂದು ಕೆಲಸ ಮಾಡು. ಅವತ್ತು ಹಚ್ಚಿದ ಡಬ್ಬಿ ಯಾವುದು ಅಂತ ಅವರನ್ನೇ ಕೇಳಿ, ಮುಂದಿನ ಚಂದದ ಚಿತ್ರ ಬೇಡ, ಹಿಂಭಾಗದ ಸಣ್ಣ ಅಕ್ಷರದ ಫೋಟೋ ತೆಗೆದು ನನಗೆ ಕಳಿಸಲು ಹೇಳು. ಶುಕ್ರವಾರದವರೆಗೆ ನನಗೆ ನೈಟ್ ಡ್ಯೂಟಿ. ನಿಮ್ಮ ಬೆಳಗಿನ ಎಂಟು ಗಂಟೆಗೆ ನಾನು ಎಚ್ಚರ ಇರುತ್ತೇನೆ.